ಎಂದೂ ತೃಪ್ತಿಯಾಗದವಳು ಮತ್ತು ನಮ್ಮ ಅಂಗಳದ ಕಾರು

"ಕರೆಂಟ್ ಕಾರಾ ಮಾಷ್ಟ್ರೇ? ಅದು ಈಗಷ್ಟೇ ಬಂದದ್ದಲ್ವಾ? ನಾಲ್ಕು ವರ್ಷ ಹೋಗಲಿ, ಪರೀಕ್ಷೆ ಆಗಲಿ. ಮತ್ತೆ ನೋಡಿದರಾಯ್ತು."

ಕಳೆದ ಎರಡು ತಿಂಗಳಲ್ಲಿ ಈ ಮಾತನ್ನು ನಾವು ಎಷ್ಟು ಬಾರಿ ಕೇಳಿದೆವೋ ಲೆಕ್ಕವಿಲ್ಲ. ಬದಿಯಡ್ಕ ಪೇಟೆಯ ಹೊಟೇಲಿನಲ್ಲಿ ಕೇಳಿದೆವು, ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದೆವು, ಮೊನ್ನೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವವರ ಬಾಯಿಂದಲೂ ಕೇಳಿದೆವು. ಹೇಳುವವರ ಕಾಳಜಿ ಸುಳ್ಳಲ್ಲ. ಸಂಬಳದ ದುಡ್ಡಿನಲ್ಲಿ, ಅದೂ ಸಾಲದಲ್ಲಿ ಕೊಳ್ಳುವ ವಸ್ತು.

ನಾವು ಅಂದರೆ ಒಂದೇ ಮನೆಯ ಇಬ್ಬರು ಅಧ್ಯಾಪಕರು. ಒಬ್ಬರದ್ದು ಸಮಾಜ ವಿಜ್ಞಾನ, ಇನ್ನೊಬ್ಬರದ್ದು ಗಣಿತ. ಇಬ್ಬರಿಗೂ ಕನ್ನಡ ಮಾಧ್ಯಮದ ಮಕ್ಕಳೇ. ಮನೆಯಲ್ಲಿ ಎಪ್ಪತ್ತೆಂಟು ದಾಟಿದ ಅಮ್ಮ ಇದ್ದಾರೆ, ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಮಗ ಇದ್ದಾನೆ, ಅಂಗಳದಲ್ಲಿ ಹದಿನಾಲ್ಕು ವರ್ಷ ಹಳೆಯ ಒಂದು ಪೆಟ್ರೋಲ್ ಕಾರು ಇದೆ. ಈ ಕಾರು ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮನ್ನು ನಡುದಾರಿಯಲ್ಲಿ ಬಿಟ್ಟಿತು. ಅಮ್ಮನಿಗೆ ಉಸಿರು ಕಟ್ಟಿದ ಹಾಗಾಗಿ ಮಂಗಳೂರಿಗೆ ಹೊರಟಿದ್ದೆವು. ಕುಂಬಳೆ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ ಒಂದು ಚಡಾವಿನಲ್ಲಿ ಇಂಜಿನ್ ನಿಂತಿತು. ಮತ್ತೆ ಚಾಲೂ ಆಗಲೇ ಇಲ್ಲ. ಸುರಿಯುವ ಮಳೆ, ಗಂಟೆ ಹನ್ನೊಂದೂವರೆ. ಪುಣ್ಯಕ್ಕೆ ಮನೆಗೆ ಮರಳುತ್ತಿದ್ದ ಆಟೋದವರೊಬ್ಬರು ನಿಲ್ಲಿಸಿದರು; ಕುಂಬಳೆವರೆಗೆ ಅವರ ಆಟೋ, ಅಲ್ಲಿಂದ ಆಂಬ್ಯುಲೆನ್ಸ್. ಅಮ್ಮ ಚೇತರಿಸಿಕೊಂಡರು. ಆದರೆ ಆ ರಾತ್ರಿಯೇ ನಮ್ಮಲ್ಲಿ ಒಂದು ಮಾತಾಯಿತು, ಹೊಸ ಕಾರು ಬೇಕು.

ಗಡಿಯ ಈಚೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ನೆಲ ಕೇರಳದಲ್ಲಿದ್ದರೂ ದೊಡ್ಡ ಕಾಯಿಲೆಗೆ ನಮ್ಮ ದಾರಿ ಮಂಗಳೂರೇ. 2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲಕ್ಕೆ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ತಡೆ ಹಾಕಿದಾಗ ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳು ನಿಂತದ್ದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ಕಾರು ನಮಗೆ ಷೋಕಿಯ ವಸ್ತು ಆಗುವುದಕ್ಕೆ ಮೊದಲು ಐವತ್ತೈದು ಕಿಲೋಮೀಟರಿನ ಒಂದು ಭರವಸೆ.

ಮಗನಿಗೆ ಮಾತ್ರ ಅದು ಷೋಕಿಯೂ ಹೌದು! ಅವನು ಆರಿಸಿದ್ದು ಮಹೀಂದ್ರದ ಬಿ.ಇ. 6. 2024ರ ನವೆಂಬರ್ 26ರಂದು ಚೆನ್ನೈಯಲ್ಲಿ ಬಿಡುಗಡೆಯಾದದ್ದು. ಮೊದಲು '6ಇ' ಎಂದು ಹೆಸರಿಟ್ಟಿದ್ದರು. ಇಂಡಿಗೋ ವಿಮಾನ ಕಂಪೆನಿ "ಅದು ನಮ್ಮ ಗುರುತು" ಎಂದು ಕೋರ್ಟಿಗೆ ಹೋದ ಮೇಲೆ ಬಾಲದ 'ಇ'ಯನ್ನು ಕೈಬಿಟ್ಟರು. ಹರಿತ ಮೂಗು, ಇಳಿಜಾರಾದ ಬೆನ್ನು, ಒಳಗೆ ಕೂತರೆ ವಿಮಾನದ ಕಾಕ್‌ಪಿಟ್ಟಿನಂತೆ. ಉದ್ದ ನಾಲ್ಕು ಮೀಟರಿಗಿಂತ ಸ್ವಲ್ಪ ಜಾಸ್ತಿ, 4.37. ಆರಂಭದ ಬೆಲೆ ಶೋರೂಮಿನಲ್ಲಿ 18.90 ಲಕ್ಷ ಎಂದು ಘೋಷಿಸಿದ್ದರು. ಸಣ್ಣ ಬ್ಯಾಟರಿಯದ್ದಕ್ಕೂ ಕಾಗದದ ಮೇಲೆ 550 ಕಿಲೋಮೀಟರ್ ಮೀರಿದ ಓಟ. ಮಗ ಇದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಾನೆ. ಮಗ್ಗಿ ಕೂಡ ಅಷ್ಟು ಚಂದ ಒಪ್ಪಿಸಿದವನಲ್ಲ.

ಇರಲಿ. "ಈಗಷ್ಟೇ ಬಂದದ್ದು" ಎಂಬ ಮಾತಿಗೆ ಬರೋಣ. ಈ ಮಾತು ಕೇಳಿದಾಗೆಲ್ಲ ನಮ್ಮಲ್ಲಿ ಸಮಾಜ ವಿಜ್ಞಾನದವರಿಗೆ ಕೈ ತುರಿಸುತ್ತದೆ. ಯಾಕೆಂದರೆ ವಿದ್ಯುತ್ ಕಾರು ಹೊಸದಲ್ಲ. ಪೆಟ್ರೋಲ್ ಕಾರಿನಷ್ಟೇ ಹಳೆಯದು. ಒಮ್ಮೆ ಗೆದ್ದು, ಆಮೇಲೆ ಸೋತು, ಈಗ ಮರಳಿ ಬಂದದ್ದು. ಯಾಕೆ ಸೋತಿತು ಅಂತ ತಿಳಿಯದೆ ಈಗ ಕೊಳ್ಳುವುದೂ ಬೇಡ, ಬಿಡುವುದೂ ಬೇಡ ಅಂತ ನಮಗೆ ಅನಿಸಿತು. ರಾತ್ರಿ ಊಟವಾದ ಮೇಲೆ ಓದತೊಡಗಿದೆವು.

1837ರಲ್ಲಿ ಅಮೆರಿಕದ ವರ್ಮಾಂಟ್ ಎಂಬ ಕಡೆ ಥಾಮಸ್ ಡೇವನ್‌ಪೋರ್ಟ್ ಎಂಬ ಕಮ್ಮಾರ ವಿದ್ಯುತ್ ಮೋಟಾರಿಗೆ ಪೇಟೆಂಟ್ ಪಡೆದ. ಕಮ್ಮಾರ ಅನ್ನುವುದನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಆದರೆ ಮೋಟಾರಿಗೆ ಉಣಿಸುವ ಬ್ಯಾಟರಿ ಆಗ ಒಮ್ಮೆ ಮುಗಿದರೆ ಮುಗಿಯಿತು. ಮತ್ತೆ ಮತ್ತೆ ತುಂಬಿಸಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಮಾಡಿದ್ದು 1859ರಲ್ಲಿ. ಇಂದು ನಮ್ಮ ಇನ್ವರ್ಟರಿನ ಕೆಳಗೆ ಕೂತಿರುವುದು ಅದರ ಮೊಮ್ಮಗನೇ. 1881ರಲ್ಲಿ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಬೀದಿಯಲ್ಲಿ ಬ್ಯಾಟರಿಯ ಮೂರು ಚಕ್ರದ ಗಾಡಿ ಓಡಿಸಿದ. ಕಾರ್ಲ್ ಬೆಂಜ್ ತನ್ನ ಪೆಟ್ರೋಲ್ ಗಾಡಿಗೆ ಪೇಟೆಂಟ್ ಕೇಳಿದ್ದು 1886ರಲ್ಲಿ, ಐದು ವರ್ಷ ತಡವಾಗಿ!

ಮಗನಿಗೆ ಇಷ್ಟವಾದ ಕಥೆ ಮುಂದಿನದು. 1898ರ ಕೊನೆಯಲ್ಲಿ ಪ್ಯಾರಿಸ್ ಹತ್ತಿರ ವೇಗದ ಒಂದು ಜಿದ್ದು ಶುರುವಾಯಿತು. ಒಂದು ಕಡೆ ಫ್ರಾನ್ಸಿನ ಕೌಂಟ್ ಶಾಸಲೂ ಲೋಬಾ, ಇನ್ನೊಂದು ಕಡೆ ಬೆಲ್ಜಿಯಂನ ಕಾಮಿಲ್ ಜೆನಾಟ್ಜಿ. ಜೆನಾಟ್ಜಿಯ ಗಡ್ಡ ಕೆಂಪು, ಜನ ಅವನನ್ನು ಕೆಂಪು ಸೈತಾನ ಎನ್ನುತ್ತಿದ್ದರು. ಇಬ್ಬರ ಗಾಡಿಗಳೂ ಬ್ಯಾಟರಿಯವೇ. ಕೌಂಟ್ ಗಂಟೆಗೆ 63 ಕಿಲೋಮೀಟರ್ ಓಡಿಸಿದ, ಜೆನಾಟ್ಜಿ 66, ಅದೇ ದಿನ ಕೌಂಟ್ 70, ಹತ್ತು ದಿನ ಬಿಟ್ಟು ಜೆನಾಟ್ಜಿ 80, ಮಾರ್ಚ್‌ನಲ್ಲಿ ಕೌಂಟ್ 92. ಆಮೇಲೆ ಜೆನಾಟ್ಜಿ ಮಿಶ್ರಲೋಹದ ತಗಡಿನಿಂದ ಟಾರ್ಪಿಡೋ ಆಕಾರದ ಒಂದು ಗಾಡಿ ಮಾಡಿಸಿದ. 1899ರ ಏಪ್ರಿಲ್ 29ರಂದು ಅದು 105.88 ಕಿಲೋಮೀಟರ್ ವೇಗ ಮುಟ್ಟಿತು. ರಸ್ತೆಯ ಮೇಲೆ ನೂರು ದಾಟಿದ ಜಗತ್ತಿನ ಮೊದಲ ವಾಹನ, ವಿದ್ಯುತ್ತಿನದ್ದು. ಅದಕ್ಕೆ ಅವನಿಟ್ಟ ಹೆಸರು 'ಲಾ ಜಮೇ ಕೋಂತಾಂತ್', ಎಂದೂ ತೃಪ್ತಿಯಾಗದವಳು. (ಅವನ ಸಾವೂ ವಿಚಿತ್ರ. 1913ರಲ್ಲಿ ಬೇಟೆಗೆ ಹೋದಾಗ ಗೆಳೆಯರನ್ನು ಹೆದರಿಸಲು ಪೊದೆಯ ಹಿಂದೆ ಕೂತು ಕಾಡುಹಂದಿಯ ಹಾಗೆ ಗುರುಗುಟ್ಟಿದ. ಒಬ್ಬ ಗೆಳೆಯ ಹಂದಿಯೇ ಎಂದು ಗುಂಡು ಹಾರಿಸಿದ.)

ಆ ದಿನದಿಂದ ಮಗನಿಗೆ ಮನೆಯಲ್ಲಿ ಆ ಫ್ರೆಂಚ್ ಹೆಸರೇ ಬಿದ್ದಿದೆ.

ವೇಗದ ಮಾತಾಯಿತು. ನಿತ್ಯದ ಬಳಕೆಯಲ್ಲೂ ಅದು ಹಿಂದಿರಲಿಲ್ಲ. 1897ರಲ್ಲಿ ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಬ್ಯಾಟರಿಯ ಬಾಡಿಗೆ ಗಾಡಿಗಳು ಓಡತೊಡಗಿದವು. ನ್ಯೂಯಾರ್ಕಿನ ನಿಲ್ದಾಣದಲ್ಲಿ ಖಾಲಿಯಾದ ಬ್ಯಾಟರಿಯನ್ನು ಇಡೀ ತಟ್ಟೆ ಸಮೇತ ಎಳೆದು ತುಂಬಿದ್ದನ್ನು ತಳ್ಳುತ್ತಿದ್ದರು. ಇವತ್ತು ಬ್ಯಾಟರಿ ಬದಲಿಸುವ ಕೇಂದ್ರವೆಂದು ಪತ್ರಿಕೆಗಳು ಹೊಸ ಸುದ್ದಿಯಾಗಿ ಬರೆಯುವುದು ಇದನ್ನೇ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳು ನಾಲ್ಕು ಸಾವಿರ ಚಿಲ್ಲರೆ. ಅದರಲ್ಲಿ ಹಬೆಯವು 1681, ವಿದ್ಯುತ್ತಿನವು 1575, ಪೆಟ್ರೋಲಿನವು ಬರೇ 936. ಅದೇ ವರ್ಷ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಚಕ್ರದೊಳಗೇ ಮೋಟಾರಿಟ್ಟ ಒಂದು ಗಾಡಿ ಜನರ ಕಣ್ಣು ಸೆಳೆಯಿತು. ಮಾಡಿದವನು ಇಪ್ಪತ್ತೈದರ ಹುಡುಗ, ಹೆಸರು ಫರ್ಡಿನಾಂಡ್ ಪೋರ್ಷೆ. ಹೌದು, ಅದೇ ಪೋರ್ಷೆ.

ಆಗಿನ ಪೆಟ್ರೋಲ್ ಕಾರು ಚಾಲೂ ಮಾಡಬೇಕಾದರೆ ಮುಂದೆ ನಿಂತು ಕಬ್ಬಿಣದ ಹಿಡಿ ತಿರುಗಿಸಬೇಕು. ಹಿಂದಕ್ಕೆ ಹೊಡೆದರೆ ಕೈಮೂಳೆ ಮುರಿಯುವ ಅಪಾಯ. ಗೇರು ಕಷ್ಟ, ಹೊಗೆ, ಗದ್ದಲ. ವಿದ್ಯುತ್ ಕಾರಿಗೆ ಇದ್ಯಾವುದೂ ಇಲ್ಲ. ಡೆಟ್ರಾಯ್ಟ್ ಎಲೆಕ್ಟ್ರಿಕ್ ಎಂಬ ಕಂಪೆನಿ 1907ರಿಂದ ಇಂಥ ಕಾರು ಮಾಡುತ್ತಿತ್ತು. ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗ, ಒಮ್ಮೆ ತುಂಬಿದರೆ 80 ಮೈಲಿ ಓಡುತ್ತದೆ ಎಂದು ಜಾಹೀರಾತು. ಪೆಟ್ರೋಲ್ ಕಾರನ್ನು ಮನೆಮನೆಗೆ ಮುಟ್ಟಿಸಿದ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಯಾವುದು ಅಂದುಕೊಂಡಿರಿ? ಡೆಟ್ರಾಯ್ಟ್ ಎಲೆಕ್ಟ್ರಿಕ್!

ಮತ್ತೆ ಸೋತದ್ದು ಹೇಗೆ?

ಇಲ್ಲಿ ನಾವು ಓದಿದ್ದನ್ನು ಎರಡೆರಡು ಬಾರಿ ಓದಿದೆವು. 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪಿನಲ್ಲಿ ಎಣ್ಣೆ ಚಿಮ್ಮಿತು, ಪೆಟ್ರೋಲ್ ಅಗ್ಗವಾಯಿತು. 1908ರಲ್ಲಿ ಫೋರ್ಡ್‌ನ ಮಾಡೆಲ್ ಟಿ 850 ಡಾಲರಿಗೆ ಬಂತು, 1925ರ ಹೊತ್ತಿಗೆ 260ಕ್ಕೆ ಇಳಿಯಿತು. ವಿದ್ಯುತ್ ಕಾರಿನ ಬೆಲೆ ಮೇಲೆಯೇ ಉಳಿಯಿತು. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಮಾಡಿದ ಸೆಲ್ಫ್ ಸ್ಟಾರ್ಟರ್ ಬಂತು. ಕೈಮುರಿಯುವ ಹಿಡಿ ಹೋಯಿತು. ತಮಾಷೆ ಏನೆಂದರೆ ಆ ಸ್ಟಾರ್ಟರ್ ಕೂಡ ಒಂದು ಬ್ಯಾಟರಿ ಮತ್ತು ಒಂದು ವಿದ್ಯುತ್ ಮೋಟಾರು. ವಿದ್ಯುತ್ ಕಾರಿಗೆ ಕೊನೆಯ ಪೆಟ್ಟು ಕೊಟ್ಟದ್ದು ಅದರ ಮನೆಯವನೇ!

ಆದರೆ ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ನಾಟಿದ್ದು ತಂತಿಯ ಸಂಗತಿ. ಪೇಟೆಯ ಹೊರಗೆ ಒಳ್ಳೆಯ ರಸ್ತೆ ಬಂತು, ಜನ ದೂರ ಹೋಗತೊಡಗಿದರು. ದೂರ ಹೋದಲ್ಲಿ ವಿದ್ಯುತ್ ಇಲ್ಲ. 1930ರ ದಶಕದ ನಡುವಿನಲ್ಲೂ ಅಮೆರಿಕದ ಹಳ್ಳಿಗಳಲ್ಲಿ ಹತ್ತರಲ್ಲಿ ಒಂದು ಮನೆಗಷ್ಟೇ ವಿದ್ಯುತ್ ಇತ್ತು. ಪೆಟ್ರೋಲನ್ನು ಡಬ್ಬಿಯಲ್ಲಿಟ್ಟು ದಿನಸಿ ಅಂಗಡಿಯಲ್ಲೂ ಮಾರಬಹುದು, ವಿದ್ಯುತ್ತನ್ನು ಮಾರಲಾಗದು. ಹೀಗೆ ಕಾರು ಚೆನ್ನಾಗಿಯೇ ಇತ್ತು, ಅದರ ಸುತ್ತ ಇರಬೇಕಾದದ್ದು ಇರಲಿಲ್ಲ. ಡೆಟ್ರಾಯ್ಟ್ ಎಲೆಕ್ಟ್ರಿಕ್ 1939ರವರೆಗೆ ಹೇಗೋ ಉಸಿರು ಹಿಡಿದುಕೊಂಡಿತ್ತು, ಆಮೇಲೆ ನಿಂತಿತು.

ಇದನ್ನು ಓದಿ ನಾವಿಬ್ಬರೂ ಒಂದೇ ಸಲಕ್ಕೆ ಕಿಟಕಿಯಾಚೆ ನಮ್ಮ ಗೇಟಿನ ಹತ್ತಿರದ ಕರೆಂಟು ಕಂಬ ನೋಡಿದೆವು!

ಸುತ್ತಲಿನ ಸ್ಥಿತಿ ಬದಲಾದಾಗ ಕಾರು ಬದಲಾಗುವುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆ ಇದೆ. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಶುರುವಾದದ್ದು 1914ರಲ್ಲಿ. ಹಳಬರ ಬಾಯಲ್ಲಿ ಅದು ಸಿ.ಪಿ.ಸಿ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂದೆ ಇದ್ದಲಿನ ಒಲೆ ಕಟ್ಟಿ ಅದರ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಅಮ್ಮ ತನ್ನ ಅಪ್ಪನಿಂದ ಕೇಳಿದ್ದನ್ನು ಹೇಳುತ್ತಾರೆ, ಚಡಾವು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕಿತ್ತಂತೆ, ಹೆಂಗಸರು ಮಕ್ಕಳು ಒಳಗೇ. ಅದೇ ಪೆಟ್ರೋಲ್ ಬರದಲ್ಲಿ ಯುದ್ಧ ಮುಗಿದ ಜಪಾನ್ 1947ರಲ್ಲಿ 'ತಾಮಾ' ಎಂಬ ವಿದ್ಯುತ್ ಕಾರು ಮಾಡಿತು. ಅದನ್ನು ಮಾಡಿದ ಕಂಪೆನಿ ಮುಂದೆ ಪ್ರಿನ್ಸ್ ಆಗಿ 1966ರಲ್ಲಿ ನಿಸ್ಸಾನ್ ಜತೆ ಸೇರಿತು. ಅದೇ ನಿಸ್ಸಾನ್ 2010ರಲ್ಲಿ ಲೀಫ್ ಎಂಬ ವಿದ್ಯುತ್ ಕಾರು ಹೊರತಂದಿತು. 1971ರಲ್ಲಿ ಅಪೊಲೊ 15ರವರು ಚಂದ್ರನ ಮೇಲೆ ಓಡಿಸಿದ ಗಾಡಿಯೂ ಬ್ಯಾಟರಿಯದ್ದೇ. ಅಲ್ಲಿ ಗಾಳಿ ಇಲ್ಲ, ಪೆಟ್ರೋಲ್ ಉರಿಯುವುದಾದರೂ ಹೇಗೆ?

1990ರಲ್ಲಿ ಕ್ಯಾಲಿಫೋರ್ನಿಯಾ ಹೊಗೆಯಿಲ್ಲದ ಕಾರು ಬೇಕೇ ಬೇಕೆಂದು ನಿಯಮ ಮಾಡಿತು. ಜನರಲ್ ಮೋಟಾರ್ಸ್ 1996ರಿಂದ ಇ.ವಿ.1 ಎಂಬ ಕಾರು ಕೊಟ್ಟಿತು, ಮಾರಾಟಕ್ಕಲ್ಲ, ಬಾಡಿಗೆಗೆ. ಸಾವಿರಕ್ಕೆ ಸ್ವಲ್ಪ ಮೇಲೆ ಕಾರುಗಳು. ಬಳಸಿದವರಿಗೆ ಅವುಗಳ ಮೇಲೆ ಪ್ರೀತಿ. ನಿಯಮ ಸಡಿಲಾಯಿತು, ಕಂಪೆನಿ ಕಾರುಗಳನ್ನು ವಾಪಸು ಪಡೆದು ಹೆಚ್ಚಿನವನ್ನು ನುಚ್ಚುಗುಜ್ಜು ಮಾಡಿತು. ಸರಕಾರದ ನಿಯಮದ ಮೇಲೆ ನಿಂತ ಕಾರು ನಿಯಮ ಬಿದ್ದರೆ ಬೀಳುತ್ತದೆ. ಇದನ್ನೂ ನಾವು ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡೆವು.

ಈಗ ನಮ್ಮ ಕಡೆಗೆ. ಭಾರತದ ವಿದ್ಯುತ್ ಕಾರು ಅಂದರೆ ಬೆಂಗಳೂರಿನ ರೇವಾ ಅಂತಲೇ ನಾವೂ ಪಾಠದಲ್ಲಿ ಹೇಳುತ್ತಿದ್ದೆವು. ಅದಕ್ಕಿಂತ ಮೊದಲೇ, 1993ರಲ್ಲಿ, ನಮ್ಮದೇ ಕೇರಳದ ಚಾಲಕುಡಿಯಲ್ಲಿ 'ಲವ್‌ಬರ್ಡ್' ಎಂಬ ಎರಡು ಸೀಟಿನ ವಿದ್ಯುತ್ ಕಾರು ಹುಟ್ಟಿತ್ತು. ಎಡ್ಡಿ ಕರೆಂಟ್ ಕಂಟ್ರೋಲ್ಸ್ ಎಂಬ ಕಂಪೆನಿ ಜಪಾನಿನ ಯಾಸ್ಕಾವಾ ಜತೆಗೂಡಿ ಮಾಡಿದ್ದು. ದೆಹಲಿಯ ಆಟೋ ಎಕ್ಸ್‌ಪೋದಲ್ಲಿ ತೋರಿಸಿದರು. ಸೀಸದ ಬ್ಯಾಟರಿ, ಒಮ್ಮೆ ತುಂಬಿದರೆ ಸುಮಾರು 60 ಕಿಲೋಮೀಟರ್. ಕಡಿದಾದ ಚಡಾವು ಹತ್ತಲಾರದೆ ಏದುಸಿರು. ಕೇರಳದಲ್ಲಿ ಹುಟ್ಟಿದ ಕಾರಿಗೆ ಚಡಾವು ಹತ್ತಲು ಬಾರದಿದ್ದರೆ ಹೇಗೆ! ಹೆಚ್ಚು ಮಾರಾಟವಾಗದೆ ಮರೆಯಾಯಿತು. ಬೇಸರದ ಸಂಗತಿ, ನಮ್ಮ ಮಕ್ಕಳಿಗೆ ಇದರ ಹೆಸರೇ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ.

ರೇವಾದ ಕಥೆ ಹೆಚ್ಚು ಜನರಿಗೆ ಗೊತ್ತು. ಚೇತನ್ ಮೈನಿ ಎಂಬ ಬೆಂಗಳೂರಿನ ಯುವಕ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿ ಕಾರಿನ ತಂಡದಲ್ಲಿದ್ದು 1990ರಲ್ಲಿ ಆಸ್ಟ್ರೇಲಿಯಾದ ಸ್ಪರ್ಧೆಗೂ ಹೋಗಿದ್ದವರು. ಅವರ ಮನೆತನದ ಕಂಪೆನಿ ಅಮೆರಿಕದ ಅಮೆರಿಗಾನ್ ಜತೆ ಸೇರಿ 2001ರಲ್ಲಿ ರೇವಾ ಹೊರತಂದಿತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, 80 ಕಿಲೋಮೀಟರ್ ಓಟ. ಬೆಂಗಳೂರಿಗೆ ಹೋದಾಗ ಅದನ್ನು ನೋಡಿ ನಾವೂ ನಕ್ಕಿದ್ದೆವು, ಒಪ್ಪಿಕೊಳ್ಳುತ್ತೇವೆ. ನಕ್ಕವರ ನಡುವೆ ಅದು ಲಂಡನ್ನಿಗೆ ಹೋಗಿ 'ಜಿ ವಿಜ್' ಹೆಸರಿನಲ್ಲಿ ಓಡಿತು. ಅಲ್ಲಿ 2003ರಿಂದ ಪೇಟೆಯ ನಡುವೆ ಕಾರು ತಂದರೆ ಶುಲ್ಕ ಕಟ್ಟಬೇಕಿತ್ತು, ವಿದ್ಯುತ್ ಕಾರಿಗೆ ವಿನಾಯಿತಿ. ಮತ್ತೆ ಅದೇ ಸಂಗತಿ ನೋಡಿ, ಕಾರು ಓಡಿದ್ದು ಊರಿನ ನಿಯಮದಿಂದ. 2010ರಲ್ಲಿ ಮಹೀಂದ್ರ ರೇವಾವನ್ನು ಕೊಂಡಿತು, 2013ರಲ್ಲಿ ಇ2ಒ ಬಂತು. ಮಗ ಹೇಳುವ ಬಿ.ಇ. 6 ಇದೇ ಮನೆಯದ್ದು. ಆದರೆ ರೇವಾದ ರಕ್ತ ಅದರಲ್ಲಿ ಹರಿಯುತ್ತದೆ ಅಂದರೆ ಅತಿಯಾದೀತು. ಅದರ ಅಡಿಗಟ್ಟು, ಬ್ಯಾಟರಿ ಎಲ್ಲ ಬೇರೆಯೇ.

ಬ್ಯಾಟರಿ ಬದಲಾದದ್ದೇ ಈ ಕಾಲದ ದೊಡ್ಡ ಘಟನೆ. ಸೀಸ ಹೋಗಿ ಲಿಥಿಯಂ ಬಂತು. ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೋಶಿನೊ ಎಂಬ ಮೂವರು 1970 ಮತ್ತು 80ರ ದಶಕಗಳಲ್ಲಿ ದುಡಿದದ್ದಕ್ಕೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಾಗ ಕ್ಯಾಮರಾದೊಳಗೆ ಕೂತಿದ್ದ ವಸ್ತು 2008ರಲ್ಲಿ ಟೆಸ್ಲಾ ಕಂಪೆನಿಯ ರೋಡ್‌ಸ್ಟರ್ ಕಾರಿನೊಳಗೆ ಕೂತಿತು. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇ.ವಿ. 13.99 ಲಕ್ಷಕ್ಕೆ ಬಂದಾಗ ಅದರಲ್ಲಿ 30.2 ಯೂನಿಟ್ ಹಿಡಿಯುವ ಬ್ಯಾಟರಿ ಇತ್ತು, ಕಾಗದದ ಓಟ 312. ನಮ್ಮ ಪೇಟೆಗಳಲ್ಲಿ ವಿದ್ಯುತ್ ಕಾರು ಕಣ್ಣಿಗೆ ಬೀಳತೊಡಗಿದ್ದು ಆ ಮೇಲೆಯೇ.

ಇಷ್ಟು ಓದಿದ ಮೇಲೆ ನಾವು ಶೋರೂಮಿನವರ ಬಣ್ಣದ ಕಾಗದವನ್ನು ಮಡಚಿಟ್ಟೆವು. ಕಾರು ನೋಡುವುದನ್ನು ಬಿಟ್ಟು ಸುತ್ತ ನೋಡತೊಡಗಿದೆವು. ಇಲ್ಲಿಂದ ಮುಂದೆ ಗಣಿತದವರ ಪಾಲು.

ಮನೆಯಿಂದ ಮಂಗಳೂರಿಗೆ ಹೋಗಿ ಬಂದರೆ 110 ಕಿಲೋಮೀಟರ್. ಇಂಥ ಕಾರು ನೂರು ಕಿಲೋಮೀಟರಿಗೆ 15 ಯೂನಿಟ್ಟಿನಷ್ಟು ತಿನ್ನುತ್ತದೆ ಎಂದು ಹಿಡಿಯಿರಿ. ಹಾಗಾದರೆ 17 ಯೂನಿಟ್ ಸಾಕು. 45 ಯೂನಿಟ್ಟಿನ ಬ್ಯಾಟರಿಯಾದರೂ ಧಾರಾಳ. ತಿಂಗಳಿಗೆ ನಮ್ಮ ಓಡಾಟ ಸಾವಿರ ಕಿಲೋಮೀಟರ್. ಯೂನಿಟ್ಟಿಗೆ 8 ರೂಪಾಯಿ ಅಂದರೂ 1200. ಪೆಟ್ರೋಲ್ ಲೀಟರಿಗೆ 105, ಲೀಟರಿಗೆ 15 ಕಿಲೋಮೀಟರ್ ಅಂದರೆ 7000. ತಿಂಗಳಿಗೆ 5800 ಉಳಿತಾಯ, ವರ್ಷಕ್ಕೆ ಎಪ್ಪತ್ತು ಸಾವಿರದ ಹತ್ತಿರ. ಕೇಳಲು ಚಂದವೇ.

ಆದರೆ ಮಗನ ಕಾರು ರಸ್ತೆಗಿಳಿಯುವಾಗ ನಮ್ಮ ಲೆಕ್ಕದಲ್ಲಿ 22 ಲಕ್ಷದ ಹತ್ತಿರ. ಮನೆಯಲ್ಲಿ ಹಾಕುವ ಚಾರ್ಜರಿಗೆ ಬೇರೆ ದುಡ್ಡು. ವಿದ್ಯುತ್ ಕಾರಿನ ಜಿ.ಎಸ್.ಟಿ. 2019ರ ಆಗಸ್ಟಿನಲ್ಲಿ 12ರಿಂದ ಶೇಕಡಾ 5ಕ್ಕೆ ಇಳಿದಿತ್ತು, ಅದು ಅನುಕೂಲ. ಆದರೆ 15 ಲಕ್ಷ ಮೀರಿದ ವಿದ್ಯುತ್ ಕಾರಿಗೆ 2025ರ ಬಜೆಟ್ಟಿನಲ್ಲಿ ಕೇರಳ ರಸ್ತೆ ತೆರಿಗೆ ಏರಿಸಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿದು ಅವು ಅಗ್ಗವಾದವು. ನಮ್ಮ ಅಳತೆಯ ಪೆಟ್ರೋಲ್ ಕಾರು ಹನ್ನೆರಡೂವರೆ ಲಕ್ಷಕ್ಕೆ ಮನೆಗೆ ಬರುತ್ತದೆ. ವ್ಯತ್ಯಾಸ ಒಂಬತ್ತೂವರೆ ಲಕ್ಷ. ಅದನ್ನು ಪೆಟ್ರೋಲ್ ಉಳಿತಾಯದಲ್ಲಿ ತುಂಬಿಸಲು ಹದಿಮೂರು ವರ್ಷ ದಾಟುತ್ತದೆ. ನಮ್ಮಲ್ಲಿ ಒಬ್ಬರ ನಿವೃತ್ತಿ ಇನ್ನು ಏಳು ವರ್ಷದಲ್ಲಿ. ಕ್ಯಾಡಿಲ್ಯಾಕ್, ಮಾಡೆಲ್ ಟಿ ಕಾಲದ ಲೆಕ್ಕವೇ ಮತ್ತೆ ನಮ್ಮ ಊಟದ ಮೇಜಿನ ಮೇಲೆ.

ಅದೇ, ಸ್ವಲ್ಪ ಸಣ್ಣ ವಿದ್ಯುತ್ ಕಾರು, 45 ಯೂನಿಟ್ಟಿನದ್ದು, ರಸ್ತೆಗಿಳಿಯುವಾಗ ಹದಿನೈದೂವರೆ ಲಕ್ಷವಾದರೆ ವ್ಯತ್ಯಾಸ ಮೂರು ಲಕ್ಷ. ನಾಲ್ಕು ವರ್ಷ ಚಿಲ್ಲರೆಯಲ್ಲಿ ತುಂಬಿತು.

ಚಡಾವು? ಮಡಿಕೇರಿಯಲ್ಲಿ ನಮ್ಮ ತಂಗಿಯ ಮನೆ. ಸುಳ್ಯ ದಾಟಿದ ಮೇಲೆ ಏರುವುದೇ ಏರುವುದು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇದನ್ನೇ ಲೆಕ್ಕ ಕೊಟ್ಟೆವು. ಜನ ಸೇರಿ 1800 ಕಿಲೋಗ್ರಾಂ ತೂಕದ ಕಾರನ್ನು 1150 ಮೀಟರ್ ಎತ್ತರಕ್ಕೆ ಎತ್ತಲು ಎಷ್ಟು ಶಕ್ತಿ ಬೇಕು? ಮಕ್ಕಳು ಜೂಲ್‌ನಲ್ಲಿ ದೊಡ್ಡ ದೊಡ್ಡ ಸಂಖ್ಯೆ ಬರೆದು ಕೊನೆಗೆ ಭಾಗಿಸಿ ಹೇಳಿದರು, ಆರು ಯೂನಿಟ್‌ಗೂ ಕಡಿಮೆ! ದಾರಿಯ ಖರ್ಚಿನ ಮೇಲೆ ಅಷ್ಟೇ ಹೆಚ್ಚುವರಿ. ಮೋಟಾರಿನಲ್ಲಿ ಸ್ವಲ್ಪ ಸೋರಿದರೆ ಏಳು ಅನ್ನಿ. ಇಳಿಯುವಾಗ ಅದೇ ಮೋಟಾರು ಡೈನಮೋ ಆಗಿ ಒಂದಂಶ ಮರಳಿ ಕೊಡುತ್ತದೆ. "ಹಾಗಾದರೆ ಲವ್‌ಬರ್ಡ್ ಯಾಕೆ ಹತ್ತಲಿಲ್ಲ ಸರ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಶಕ್ತಿ ಎಷ್ಟು ಎನ್ನುವುದು ಬೇರೆ, ಎಷ್ಟು ಬೇಗ ಕೊಡಬಲ್ಲುದು ಎನ್ನುವುದು ಬೇರೆ ಎಂಬ ಪಾಠ ಅಲ್ಲಿಂದ ಒಂದು ಪೀರಿಯಡ್ ನಡೆಯಿತು.

ಕೊನೆಗೆ ಉಳಿದದ್ದು ಕಂಬ. ನಮ್ಮದು ಅಡಿಕೆ ತೋಟದ ಊರು. ಮಾರ್ಚ್ ಏಪ್ರಿಲ್‌ನಲ್ಲಿ ಸಂಜೆಯಾದರೆ ಎಲ್ಲರ ಪಂಪು, ಸ್ಪ್ರಿಂಕ್ಲರ್ ಒಟ್ಟಿಗೆ ತಿರುಗಿ ವೋಲ್ಟೇಜ್ ಕುಸಿಯುತ್ತದೆ. ಆಗ ಟ್ಯೂಬ್‌ಲೈಟೇ ಕಣ್ಣು ಮಿಟುಕಿಸುತ್ತದೆ, ಕಾರಿಗೆ ಏನು ಸಿಕ್ಕೀತು? ಮಳೆಗಾಲದಲ್ಲಿ ಮರ ಬಿದ್ದರೆ ಒಂದೆರಡು ದಿನ ಕತ್ತಲೆ. ಇನ್ನು ಕೇರಳದ ಚಾರ್ಜಿಂಗ್ ಕೇಂದ್ರಕ್ಕೆ ಒಂದು ಆ್ಯಪ್, ಗಡಿ ದಾಟಿದರೆ ಇನ್ನೊಂದು, ಮತ್ತೊಂದು ಕಂಪೆನಿಗೆ ಮತ್ತೊಂದು. ಫೋನಿನಲ್ಲಿ ಜಾಗವಿಲ್ಲ. ನಾವು ಒಂದು ತಿಂಗಳು ಮೀಟರಿನ ಹತ್ತಿರ ಪುಸ್ತಕ ಇಟ್ಟು ವೋಲ್ಟೇಜ್ ಬರೆದೆವು. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗೆ ಚೆನ್ನಾಗಿರುತ್ತದೆ. 16 ಆಂಪಿಯರಿನ ಸಾಧಾರಣ ಪ್ಲಗ್ಗಿನಲ್ಲಿ ಗಂಟೆಗೆ 3 ಯೂನಿಟ್ ಬಂದರೂ ಆ ಆರು ಗಂಟೆಯಲ್ಲಿ 18 ಯೂನಿಟ್. ಮಂಗಳೂರಿಗೆ ಹೋಗಿ ಬರುವಷ್ಟು. ಬ್ಯಾಟರಿಯನ್ನು ಎಂದೂ ಅರ್ಧಕ್ಕಿಂತ ಕೆಳಗೆ ಇಳಿಸುವುದಿಲ್ಲ ಎಂಬ ಒಂದು ಮನೆ ನಿಯಮ ಮಾಡಿದರೆ ಎರಡು ದಿನ ಕರೆಂಟು ಇಲ್ಲದಿದ್ದರೂ ಅಮ್ಮನನ್ನು ಮಂಗಳೂರು ಮುಟ್ಟಿಸಬಹುದು. ಬೇಕಾದರೆ ಅಲ್ಲಿ ತುಂಬಿಸಿಕೊಳ್ಳಬಹುದು.

ನಿಜ ಹೇಳಬೇಕೆಂದರೆ ಬಿ.ಇ. 6 ಓಡಿಸಿ ನೋಡಿದಾಗ ನಮಗೂ ಆಸೆಯಾಯಿತು. ಕಾಲಿಟ್ಟ ಕೂಡಲೇ ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಜೆನಾಟ್ಜಿಗೆ ಹೀಗೇ ಆಗಿದ್ದಿರಬೇಕು. ಆದರೆ ಅಮ್ಮ ಹತ್ತಿ ಕೂತು ಇಳಿಯುವಾಗ ಹೇಳಿದ್ದು ಒಂದೇ ಮಾತು, "ಮಗಾ, ಹಿಂದೆ ಕೂತರೆ ಕಿಟಕಿ ಸಣ್ಣದು. ಹೊರಗೆ ಕಾಣುವುದಿಲ್ಲ."

ಸಣ್ಣದಕ್ಕೇ ಬುಕ್ ಮಾಡಿದೆವು. ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಇರುವುದನ್ನು ಕಾಗದದಲ್ಲಿ ಬರೆಸಿಕೊಂಡೆವು. ಸಾಲದ ಕಂತು ಅದಕ್ಕಿಂತ ಒಂದು ವರ್ಷ ಮೊದಲೇ ಮುಗಿಯುತ್ತದೆ. ಹಳೆಯ ಕಾರನ್ನು ಸದ್ಯಕ್ಕೆ ಮಾರುವುದಿಲ್ಲ, ಒಂದು ಮಳೆಗಾಲ ಕಳೆಯಲಿ. ಮಗ ಎರಡು ದಿನ ಫೋನ್ ಎತ್ತಲಿಲ್ಲ, ಮೂರನೆಯ ದಿನ ಬಣ್ಣ ಯಾವುದು ಎಂದು ಕೇಳಿದ. ಕಂಬದಿಂದ ಮನೆಗೆ ಬರುವ ತಂತಿ ಇಷ್ಟು ಹೊರೆ ತಾಳುತ್ತದೋ ಎಂದು ನೋಡಲು ಗುರುವಾರ ಲೈನ್‌ಮ್ಯಾನ್ ಬರುವವರಿದ್ದಾರೆ. ಅವರಿಗೆ ತೊಂದರೆಯಾಗಬಾರದೆಂದು ಗೇಟಿನ ಹತ್ತಿರದ ಪೇರಳೆ ಮರದ ಗೆಲ್ಲು ಕಡಿದಿಟ್ಟಿದ್ದೇವೆ.